ಕೆಚುವಾ ನಾಡಿನ ಮಿಷನ್ ಆಸ್ಪತ್ರೆಗಳು ಮತ್ತು ಅಲ್ಲಿನ ಮಕ್ಕಳು

ಮಿಷನ್ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ಬಹುಕಾಲ ದಾದಿಯಾಗಿ ದುಡಿದವಳು ನಾನು. ಆ ಕೆಲಸದಲ್ಲಿದ್ದವರಿಗೆ ಎರಡು ಬಗೆಯ ಮಾತುಗಳನ್ನು ಕೇಳಿ ಕೇಳಿ ರೂಢಿಯಾಗಿರುತ್ತದೆ. ಮಿಷನ್ ಆಸ್ಪತ್ರೆ ಎಂದರೆ ದೇವರಂಥ ಮನುಷ್ಯರು ನಡೆಸುವ ಪುಣ್ಯದ ಕೆಲಸ, ಅದರ ಬಗ್ಗೆ ಎರಡನೆಯ ಮಾತೇ ಇರಬಾರದು ಎನ್ನುವವರು ಕೆಲವರು. ಔಷಧಿಯ ನೆವದಲ್ಲಿ ಜನರನ್ನು ತಮ್ಮ ಮತಕ್ಕೆ ಸೆಳೆಯುವ ಜಾಗ ಅದು ಎನ್ನುವವರು ಇನ್ನು ಕೆಲವರು. ನಮ್ಮ ಊರುಗಳಲ್ಲಿ ಈ ಮಾತು ಬಹುಬೇಗ ಕಾವೇರುತ್ತದೆ, ಕಾವೇರಿದ ಮೇಲೆ ರೋಗಿಯ ಸುದ್ದಿಯೇ ಬರುವುದಿಲ್ಲ. ಕೂಸನ್ನು ಹೊತ್ತುಕೊಂಡು ಬಾಗಿಲಿಗೆ ಬಂದ ತಾಯಿಗೆ ಆ ಜಾಗ ಹೇಗೆ ಕಾಣಿಸುತ್ತದೆ, ಅವಳು ಯಾವುದನ್ನು ನಂಬಿ ಒಳಗೆ ಬರುತ್ತಾಳೆ, ಯಾವ ಅಂಜಿಕೆಯಿಂದ ಹೊಸ್ತಿಲಲ್ಲೇ ನಿಲ್ಲುತ್ತಾಳೆ ಎಂಬುದನ್ನು ಯೋಚಿಸಬೇಕೆನ್ನಿಸಿದಾಗ, ಈ ಗದ್ದಲದಿಂದ ದೂರವಿರುವ ಒಂದು ನಾಡಿನ ಅನುಭವವನ್ನು ಓದತೊಡಗಿದೆ. ಅದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳಲ್ಲಿ ಬಾಳುವ ಕೆಚುವಾ ಜನರ ನಾಡು.

ಪೆರು ದೇಶದ ದಕ್ಷಿಣ ಭಾಗದಲ್ಲಿ ಅಪುರಿಮಾಕ್ ಎಂಬ ಪ್ರಾಂತ್ಯವಿದೆ. ಇಂಕಾ ಅರಸರ ರಾಜಧಾನಿಯಾಗಿದ್ದ ಕುಸ್ಕೊದಿಂದ ಅಬಾಂಕೇ ಪಟ್ಟಣಕ್ಕೆ ಹೋಗುವ ಹೆದ್ದಾರಿಯು ಅಪುರಿಮಾಕ್ ನದಿಯ ಆಳವಾದ ಕಮರಿಗೆ ಇಳಿದು, ಸೇತುವೆ ದಾಟಿ, ಸುತ್ತಿ ಬಳಸಿ ಮತ್ತೆ ಮೇಲೇರಿದಾಗ ಕುರಾವಾಸಿ ಎಂಬ ಊರು ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಈ ಊರು ಪೆರುವಿನಲ್ಲಿ ಸೋಂಪಿನ ಬೆಳೆಗೆ ಹೆಸರುವಾಸಿ. ಇಲ್ಲಿ 2007ರ ಆಗಸ್ಟ್ 31ರಂದು ದಿಯೋಸ್ಪಿ ಸುಯಾನಾ ಎಂಬ ಆಸ್ಪತ್ರೆ ಬಾಗಿಲು ತೆರೆಯಿತು. ಕೆಚುವಾ ಭಾಷೆಯ ಈ ಹೆಸರಿಗೆ ನಾವು ದೇವರಲ್ಲಿ ಭರವಸೆ ಇಡುತ್ತೇವೆ ಎಂದರ್ಥ. ಇದನ್ನು ಕಟ್ಟಿದವರು ಜರ್ಮನಿಯ ವೈದ್ಯ ದಂಪತಿ: ಶಸ್ತ್ರವೈದ್ಯ ಕ್ಲಾಸ್ ಡೀಟರ್ ಯೋನ್ ಮತ್ತು ಮಕ್ಕಳ ವೈದ್ಯೆ ಮಾರ್ಟಿನಾ ಯೋನ್. ಅದಕ್ಕೆ ಮೊದಲು ಅವರು ಈಕ್ವೆಡಾರ್ ದೇಶದ ಮಿಷನ್ ಆಸ್ಪತ್ರೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದರು. ಸರ್ಕಾರದ ಅನುದಾನವಾಗಲಿ ಬ್ಯಾಂಕಿನ ಸಾಲವಾಗಲಿ ಇಲ್ಲದೆ, ಊರೂರಿಗೆ ಹೋಗಿ, ಚರ್ಚುಗಳಲ್ಲಿ, ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ ತಮ್ಮ ಕನಸನ್ನು ಹೇಳಿಕೊಂಡು, ವ್ಯಕ್ತಿಗಳಿಂದಲೂ ಕಂಪನಿಗಳಿಂದಲೂ ದೇಣಿಗೆ ಎತ್ತಿ ಕಟ್ಟಿದ ಆಸ್ಪತ್ರೆ ಅದು. ಶಸ್ತ್ರಚಿಕಿತ್ಸಾ ಕೊಠಡಿ, ತೀವ್ರ ನಿಗಾ ಘಟಕ, ಸಿ.ಟಿ. ಸ್ಕ್ಯಾನ್ ಎಲ್ಲವೂ ಅಲ್ಲಿವೆ. ಹೊರದೇಶಗಳಿಂದ ಬಂದ ವೈದ್ಯರು ಮತ್ತು ದಾದಿಯರು ಆಸ್ಪತ್ರೆಯಿಂದ ಸಂಬಳ ಪಡೆಯುವುದಿಲ್ಲ. ಅವರವರ ಊರಿನ ಚರ್ಚುಗಳು ಮತ್ತು ಸ್ನೇಹಿತರು ಕಳಿಸುವ ಹಣದಲ್ಲಿ ಸಂಸಾರ ನಡೆಸುತ್ತಾರೆ. 2010ರಲ್ಲಿ ಹಲ್ಲು ಮತ್ತು ಕಣ್ಣಿನ ವಿಭಾಗ, 2014ರಲ್ಲಿ ಶಾಲೆ, ಮುಂದೆ ರೇಡಿಯೊ ಮತ್ತು ಟೆಲಿವಿಷನ್ ಕೇಂದ್ರ ಸೇರಿಕೊಂಡವು. ಊರಿನ ಮಕ್ಕಳಿಗಾಗಿ ಮಕ್ಕಳ ಕ್ಲಬ್ಬುಗಳನ್ನೂ ಅವರು ನಡೆಸುತ್ತಾರೆ.

ಕಟ್ಟಡ ಮತ್ತು ಯಂತ್ರಗಳ ಕಥೆ ಇಷ್ಟಕ್ಕೆ ಸಾಕು. ದೇಣಿಗೆ ಎತ್ತಿ ಕಟ್ಟಡ ಕಟ್ಟುವುದು ಕಷ್ಟದ ಕೆಲಸವಾದರೂ ಜನ ಮಾಡಿ ತೋರಿಸಿದ ಕೆಲಸವೇ. ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಸರ್ಕಾರಿ ಆಸ್ಪತ್ರೆಗಳಿರುವ, ಬಡವರಿಗೆ ಸರ್ಕಾರಿ ಆರೋಗ್ಯ ವಿಮೆಯೂ ಇರುವ ದೇಶದಲ್ಲಿ, ಹಳ್ಳಿಯ ಮನುಷ್ಯ ಬಸ್ಸುಗಳನ್ನು ಬದಲಿಸಿ, ರಾತ್ರಿಯೆಲ್ಲ ಪಯಣಿಸಿ ಪರದೇಶಿಗಳು ನಡೆಸುವ ಆಸ್ಪತ್ರೆಯ ಮುಂದೆ ಸರದಿಯಲ್ಲಿ ಏಕೆ ನಿಲ್ಲುತ್ತಾನೆ? ಅಲ್ಲಿ ಒಳ್ಳೆಯ ಡಾಕ್ಟರುಗಳಿದ್ದಾರೆ, ಶುಲ್ಕ ಕಡಿಮೆ ಎಂಬುದು ಅರ್ಧ ಉತ್ತರ. ಉಳಿದರ್ಧಕ್ಕೆ ಕೆಚುವಾ ಜನ ಬಿಳಿಯಂಗಿಯವರನ್ನು ಕಂಡು ಹಿಂಜರಿಯುವುದೇಕೆ ಎಂಬುದನ್ನು ತಿಳಿಯಬೇಕು.

ಪೆರುವಿನ 2017ರ ಜನಗಣತಿಯಲ್ಲಿ ಸುಮಾರು 38 ಲಕ್ಷ ಜನ ಕೆಚುವಾ ತಮ್ಮ ತಾಯ್ನುಡಿ ಎಂದು ಬರೆಸಿದ್ದಾರೆ. ಬೊಲಿವಿಯಾ ಮತ್ತು ಈಕ್ವೆಡಾರಿನಲ್ಲಿ ಇನ್ನೂ ಹಲವು ಲಕ್ಷ ಮಂದಿ ಇದ್ದಾರೆ. ಇಷ್ಟು ದೊಡ್ಡ ಜನಸಮುದಾಯದ ನುಡಿಗೆ ಪೆರುವಿನಲ್ಲಿ ಆಡಳಿತ ಭಾಷೆಯ ಸ್ಥಾನ ಸಿಕ್ಕಿದ್ದು 1975ರಲ್ಲಿ. 1969ರ ಭೂಸುಧಾರಣೆಯವರೆಗೆ ಬೆಟ್ಟದ ಮೇಲಿನ ಅನೇಕ ಕೆಚುವಾ ಕುಟುಂಬಗಳು ದೊಡ್ಡ ಜಮೀನ್ದಾರರ ಹೊಲದಲ್ಲೂ ಮನೆಯಲ್ಲೂ ಬಿಟ್ಟಿ ಚಾಕರಿ ಮಾಡುತ್ತಿದ್ದವು. 1980ರಿಂದ 2000ದವರೆಗೆ ಶೈನಿಂಗ್ ಪಾತ್ ಬಂಡುಕೋರರು ಮತ್ತು ಸೈನ್ಯದ ನಡುವೆ ಸಿಕ್ಕಿ ನಲುಗಿದವರೂ ಇವರೇ. ಆ ಕಾಲದ ವಿಚಾರಣೆ ನಡೆಸಿದ ಸತ್ಯಶೋಧನಾ ಆಯೋಗವು 2003ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ ಸತ್ತವರು ಮತ್ತು ಕಾಣೆಯಾದವರು 69 ಸಾವಿರಕ್ಕೂ ಹೆಚ್ಚು. ಅವರಲ್ಲಿ ನೂರಕ್ಕೆ ಸುಮಾರು 75 ಮಂದಿ ಕೆಚುವಾ ಅಥವಾ ಬೇರೊಂದು ಮೂಲನಿವಾಸಿ ಭಾಷೆ ಆಡುವವರು. ಇದಕ್ಕೆಲ್ಲ ಮೇಲೆ, 1996ರಿಂದ 2000ದವರೆಗೆ ಅಧ್ಯಕ್ಷ ಫುಜಿಮೊರಿಯ ಸರ್ಕಾರ ನಡೆಸಿದ ಕುಟುಂಬ ಯೋಜನೆ ಕಾರ್ಯಕ್ರಮದಲ್ಲಿ 2.7 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಯಿತು. ಅವರಲ್ಲಿ ಬಹಳಷ್ಟು ಮಂದಿ ಬಡ ಹಳ್ಳಿಯವರು, ಕೆಚುವಾ ಆಡುವವರು. ಏನು ಮಾಡಲಾಗುತ್ತಿದೆ ಎಂಬುದನ್ನು ಅರ್ಥವಾಗುವ ಭಾಷೆಯಲ್ಲಿ ಹೇಳದೆ, ಮನಃಪೂರ್ವಕ ಒಪ್ಪಿಗೆ ಪಡೆಯದೆ, ಕೆಲವು ಕಡೆ ಬೆದರಿಸಿ ಮಾಡಿದ ಶಸ್ತ್ರಚಿಕಿತ್ಸೆಗಳು ಅವು ಎಂದು ಆ ಹೆಂಗಸರು ಇಂದಿಗೂ ನ್ಯಾಯ ಕೇಳುತ್ತಿದ್ದಾರೆ. ಅಂಥ ಊರಿನಲ್ಲಿ ಮುಂದಿನ ತಲೆಮಾರಿನ ಹೆಣ್ಣುಮಗಳು ಆಸ್ಪತ್ರೆಯ ಮಂಚದ ಮೇಲೆ ಮಲಗಲು ಒಪ್ಪದಿದ್ದರೆ ಅದನ್ನು ಮೂಢನಂಬಿಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸುಟ್ಟುಕೊಂಡವರಿಗೇ ಬೆಂಕಿಯ ಬಿಸಿ ಗೊತ್ತು.

ಇನ್ನೊಂದು ತೊಡಕೂ ಇದೆ. ಪೆರುವಿನಲ್ಲಿ ಹೊಸದಾಗಿ ಓದು ಮುಗಿಸಿದ ವೈದ್ಯರು ಮತ್ತು ದಾದಿಯರು ಹಳ್ಳಿಗಾಡಿನಲ್ಲಿ ಒಂದು ವರ್ಷ ಸೇವೆ ಸಲ್ಲಿಸುವ ಪದ್ಧತಿಯಿದೆ. ಅದನ್ನು ಸೆರುಮ್ಸ್ ಎನ್ನುತ್ತಾರೆ. ಕರಾವಳಿಯ ಲಿಮಾ ನಗರದಿಂದ ಬಂದ ಯುವಕ ಎತ್ತರದ ಚಳಿಗೆ ಹೊಂದಿಕೊಂಡು, ಊರಿನವರ ಮುಖಪರಿಚಯ ಮಾಡಿಕೊಂಡು, ನಾಲ್ಕು ಕೆಚುವಾ ಮಾತು ಕಲಿಯುವಷ್ಟರಲ್ಲಿ ವರ್ಷ ಮುಗಿದಿರುತ್ತದೆ, ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಆ ಯುವಕರನ್ನು ನಾನು ಹಳಿಯುತ್ತಿಲ್ಲ. ಸಲಕರಣೆಯಿಲ್ಲದ ಆರೋಗ್ಯ ಕೇಂದ್ರದಲ್ಲಿ ಒಂಟಿಯಾಗಿ ವರ್ಷ ಕಳೆಯುವುದು ಸಣ್ಣ ಮಾತಲ್ಲ. ಆದರೆ ಮೊದಲೇ ನಂಬಿಕೆ ಮುರಿದಿರುವ ಜನರಿಗೆ ವರ್ಷಕ್ಕೊಮ್ಮೆ ಬದಲಾಗುವ ಮುಖದ ಮುಂದೆ ತಮ್ಮ ಮೈಯ ಕಷ್ಟವನ್ನು ಹೊಸದಾಗಿ ಹೇಳಿಕೊಳ್ಳುವುದು ಸುಲಭವಲ್ಲ. ಮಿಷನ್ನಿನವರ ಬಲವೆಲ್ಲ ಇಲ್ಲಿದೆ ಎಂದು ನನ್ನ ತಿಳುವಳಿಕೆ. ಅವರು ಉಳಿಯುತ್ತಾರೆ. ಮಕ್ಕಳನ್ನು ಅದೇ ಊರಿನಲ್ಲಿ ಬೆಳೆಸುತ್ತಾರೆ, ಅದೇ ಸಂತೆಯಲ್ಲಿ ಆಲೂಗಡ್ಡೆ ಕೊಳ್ಳುತ್ತಾರೆ. ಐದು ವರ್ಷದ ಹಿಂದೆ ಹೊಲಿಗೆ ಹಾಕಿದ ಕೈಯೇ ಇಂದು ಮಗುವಿನ ಎದೆಗೆ ಸ್ಟೆತಸ್ಕೋಪ್ ಇಡುತ್ತದೆ ಎಂಬುದು ತಾಯಿಗೆ ಗೊತ್ತಿದ್ದರೆ ಅರ್ಧ ಚಿಕಿತ್ಸೆ ಆದಂತೆಯೇ.

ಕೆಚುವಾ ಜನ ವೈದ್ಯವನ್ನೇ ಅರಿಯದವರೆಂದು ಯಾರೂ ಭಾವಿಸಬಾರದು. ಬೊಲಿವಿಯಾದ ಕಲ್ಲಾವಾಯಾ ವೈದ್ಯರು ಮೂಲಿಕೆಗಳ ಚೀಲ ಹೊತ್ತು ಊರೂರು ಅಲೆದು ಮದ್ದು ಕೊಡುತ್ತಿದ್ದವರು. ಅವರ ವಿದ್ಯೆಯನ್ನು ಯುನೆಸ್ಕೊ 2003ರಲ್ಲಿ ಮನುಕುಲದ ಪರಂಪರೆಯೆಂದು ಸಾರಿತು. ನಮ್ಮ ಮಲೆನಾಡಿನ ಹಿರಿಯರು ಚಳಿಜ್ವರಕ್ಕೆ ಮುಖ ಕಿವುಚಿಕೊಂಡು ನುಂಗುತ್ತಿದ್ದ ಕ್ವಿನೈನ್ ಕೂಡ ಮೂಲದಲ್ಲಿ ಆಂಡೀಸ್ ಇಳಿಜಾರಿನ ಕಾಡಿನ ಸಿಂಕೋನಾ ಮರದ ತೊಗಟೆಯೇ. 17ನೆಯ ಶತಮಾನದಲ್ಲಿ ಜೆಸುಯಿಟ್ ಪಾದ್ರಿಗಳು ಅದನ್ನು ಯೂರೋಪಿಗೆ ಒಯ್ದರು. 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ಪೆರುವಿನ ಕಾಡುಗಳಲ್ಲಿ ಸಸಿಗಳನ್ನು ಕಲೆಹಾಕಿದ ಮೇಲೆ ನೀಲಗಿರಿಯಲ್ಲಿ ಅದರ ತೋಟಗಳು ಎದ್ದವು. ಮದ್ದು ಮೊದಲು ಆ ಬೆಟ್ಟಗಳಿಂದ ಕೆಳಗಿಳಿದು ನಮ್ಮವರೆಗೆ ಬಂತು. ಅದಕ್ಕೆ ಪ್ರತಿಯಾಗಿ ಆ ಜನರಿಗೆ ಹೊರಗಿನವರಿಂದ ಸಿಕ್ಕಿದ್ದು ಬಹುಕಾಲ ತಾತ್ಸಾರವೇ.

ತಾತ್ಸಾರ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಯಾಕುಚೊ ಪ್ರಾಂತ್ಯದ ಸಾಂತಿಲ್ಯಾನಾ ಎಂಬ ಹಳ್ಳಿಗಾಡಿನಲ್ಲಿ ನಡೆದ ಪ್ರಯತ್ನ ಕಣ್ಣೆದುರಿಗಿದೆ. ಅದು ಮಿಷನ್ನಿನ ಕೆಲಸವಲ್ಲ, ಆದರೂ ಪ್ರತಿಯೊಂದು ಮಿಷನ್ ಆಸ್ಪತ್ರೆಯವರೂ ಓದಬೇಕಾದ್ದು. ಅಲ್ಲಿನ ಹೆಂಗಸರು ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತೋ ಮಂಡಿಯೂರಿಯೋ ಹೆರುವವರು. ಗಂಡನೋ ತಾಯಿಯೋ ಹಿಂದಿನಿಂದ ತಬ್ಬಿ ಹಿಡಿದಿರುತ್ತಾರೆ, ಕೋಣೆಯಲ್ಲಿ ಬೆಂಕಿ ಉರಿಯುತ್ತಿರುತ್ತದೆ, ಬಿಸಿ ಕಷಾಯ ಕೊಡುತ್ತಾರೆ, ಹೆರಿಗೆಯ ನಂತರ ಬೀಳುವ ಕಸವನ್ನು ಮನೆಯವರೇ ಶಾಸ್ತ್ರದಂತೆ ಹೂಳುತ್ತಾರೆ. ಆಸ್ಪತ್ರೆಗೆ ಹೋದರೆ ತಣ್ಣನೆಯ ಕೋಣೆ, ಬಟ್ಟೆ ಕಳಚಿಸಿ ಮಲಗಿಸುವುದು, ಮನೆಯವರನ್ನು ಹೊರಗೆ ನಿಲ್ಲಿಸುವುದು, ತಿಳಿಯದ ಸ್ಪ್ಯಾನಿಷ್ ಭಾಷೆಯಲ್ಲಿ ಗದರುವುದು, ಕಸವನ್ನು ತೊಟ್ಟಿಗೆ ಎಸೆಯುವುದು. ಇದನ್ನೆಲ್ಲ ಹೆಂಗಸರ ಬಾಯಿಂದಲೇ ಕೇಳಿ ತಿಳಿದುಕೊಂಡು, ಹೆರಿಗೆ ಕೋಣೆಯಲ್ಲಿ ಹಿಡಿದುಕೊಳ್ಳಲು ಹಗ್ಗ ಕಟ್ಟಿದರು, ಕೂರಲು ಆಸನ ಇಟ್ಟರು, ಮನೆಯವರನ್ನೂ ಸೂಲಗಿತ್ತಿಯನ್ನೂ ಒಳಗೆ ಬಿಟ್ಟರು, ಕೆಚುವಾದಲ್ಲಿ ಮಾತನಾಡಿದರು. 1999ರಲ್ಲಿ ಅಲ್ಲಿನ ಹೆರಿಗೆಗಳಲ್ಲಿ ನೂರಕ್ಕೆ 6 ಮಾತ್ರ ಆರೋಗ್ಯ ಕೇಂದ್ರದಲ್ಲಿ ಆಗುತ್ತಿದ್ದವು. 2007ರ ಹೊತ್ತಿಗೆ ಅದು 83ಕ್ಕೆ ಏರಿತು. ಆ ನಡುವೆ, 2005ರಲ್ಲಿ, ಪೆರುವಿನ ಆರೋಗ್ಯ ಸಚಿವಾಲಯವೇ ಕುಳಿತು ಹೆರುವ ಪದ್ಧತಿಗೆ ನಿಯಮಾವಳಿ ಹೊರಡಿಸಿತು. ಅಲ್ಲಿಗೆ ಬಂದದ್ದು ಯಾವ ಹೊಸ ಯಂತ್ರವೂ ಅಲ್ಲ, ಕೇಳಿಸಿಕೊಳ್ಳುವ ಕಿವಿ. ವಾರ್ಡಿನಲ್ಲಿ ಬಾಳು ಕಳೆದ ನನಗೆ ಈ ಎರಡು ಸಂಖ್ಯೆಗಳು ಯಾವ ಪ್ರವಚನಕ್ಕಿಂತಲೂ ದೊಡ್ಡವು.

ಮಕ್ಕಳ ವಿಷಯಕ್ಕೆ ಬರುವ ಮುನ್ನ ಒಂದು ಕಾಯಿಲೆಯ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಔಷಧಿಯ ಕೆಲಸಕ್ಕೂ ಮಕ್ಕಳ ನಡುವಿನ ಕೆಲಸಕ್ಕೂ ಎಲ್ಲಿ ಗಂಟು ಬೀಳುತ್ತದೆ ಎಂಬುದು ಅದರಲ್ಲಿ ಕಾಣಿಸುತ್ತದೆ. ಪೆರುವಿನ ಎತ್ತರದ ಹುಲ್ಲುಗಾವಲುಗಳಲ್ಲಿ ಕುರಿ ಸಾಕುವ ಮನೆಗಳೆಲ್ಲ ನಾಯಿ ಸಾಕುತ್ತವೆ. ಕುರಿಯನ್ನು ಮನೆಯಂಗಳದಲ್ಲೇ ಕೊಯ್ಯುತ್ತಾರೆ. ಶ್ವಾಸಕೋಶದಲ್ಲೋ ಪಿತ್ತಕೋಶದ ಬಳಿಯ ಯಕೃತ್ತಿನಲ್ಲೋ ನೀರುಗುಳ್ಳೆಗಳು ಕಂಡರೆ ಆ ಭಾಗವನ್ನು ನಾಯಿಗೆ ಎಸೆಯುತ್ತಾರೆ. ಆ ಗುಳ್ಳೆಯೊಳಗಿನ ಮರಿಗಳು ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುಗಳಾಗಿ ಬೆಳೆಯುತ್ತವೆ. ಅವುಗಳ ಮೊಟ್ಟೆ ನಾಯಿಯ ಹೇಲಿನೊಡನೆ ಹೊರಬಿದ್ದು ಹುಲ್ಲಿಗೆ, ನೀರಿಗೆ, ನಾಯಿಯ ಕೂದಲಿಗೆ ಅಂಟಿಕೊಳ್ಳುತ್ತದೆ. ಹುಲ್ಲು ಮೇಯ್ದ ಕುರಿಗೆ ಮತ್ತೆ ಸೋಂಕು. ನಾಯಿಯನ್ನು ತಬ್ಬಿ ಆಡಿದ ಮಗು ಕೈ ತೊಳೆಯದೆ ಊಟಕ್ಕೆ ಕುಳಿತರೆ ಮಗುವಿಗೂ ಸೋಂಕು. ಮಗುವಿನ ಹೊಟ್ಟೆ ಸೇರಿದ ಮೊಟ್ಟೆಯಿಂದ ಹೊರಟ ಮರಿ ರಕ್ತದೊಡನೆ ಹರಿದು ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೆಲೆಯೂರಿ, ತಿಳಿನೀರು ತುಂಬಿದ ಚೀಲವಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಡಾಕ್ಟರುಗಳು ಅದನ್ನು ಹೈಡ್ಯಾಟಿಡ್ ಸಿಸ್ಟ್ ಎನ್ನುತ್ತಾರೆ. ಕೆಮ್ಮು, ಉಸಿರುಗಟ್ಟುವಿಕೆ ಅಥವಾ ಹೊಟ್ಟೆಯ ಭಾರ ಕಾಣಿಸುವ ಹೊತ್ತಿಗೆ ಚೀಲವು ಕಿತ್ತಳೆ ಹಣ್ಣಿನಷ್ಟೋ ಅದಕ್ಕಿಂತ ದೊಡ್ಡದೋ ಆಗಿರಬಹುದು.

ಅದನ್ನು ತೆಗೆಯುವುದು ಅನುಭವಿ ಶಸ್ತ್ರವೈದ್ಯರಿಗೂ ಜೀವ ಬಿಗಿಹಿಡಿಯುವ ಕೆಲಸ. ಚೀಲ ಒಡೆದು ಒಳಗಿನ ನೀರು ಚೆಲ್ಲಿದರೆ ರೋಗಿಯ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು, ಚೆಲ್ಲಿದ ಕಡೆಯೆಲ್ಲ ಹೊಸ ಗುಳ್ಳೆಗಳು ಹುಟ್ಟಬಹುದು. ಆದ್ದರಿಂದ ಸುತ್ತಲೂ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಒತ್ತಿಟ್ಟು, ಎಚ್ಚರದಿಂದ ಬಿಡಿಸುತ್ತಾರೆ. ಮೊದಲೂ ಆಮೇಲೂ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಹಳ್ಳಿಗಾಡಿನ ನಡುವೆ ಇಂಥ ಶಸ್ತ್ರಚಿಕಿತ್ಸೆ ಮಾಡಬಲ್ಲ ಒಂದು ಕೊಠಡಿ ಇರುವುದು ಅಲ್ಲಿನ ಜನರಿಗೆ ಎಷ್ಟು ದೊಡ್ಡ ಆಸರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೋದ ಮಗುವಿನ ಅಂಗಳದಲ್ಲಿ ಮುಂದಿನ ಹಬ್ಬಕ್ಕೆ ಕುರಿ ಕೊಯ್ದು ಆ ಭಾಗವನ್ನು ಮತ್ತೆ ನಾಯಿಗೆ ಎಸೆದರೆ ತಮ್ಮನೋ ತಂಗಿಯೋ ಅದೇ ಮಂಚಕ್ಕೆ ಬರುತ್ತಾರೆ. ಇದನ್ನು ತಡೆಯಲು ಬೇಕಾದದ್ದು ಅಷ್ಟೇನೂ ದುಬಾರಿಯಲ್ಲ. ಕೆಟ್ಟ ಭಾಗವನ್ನು ಆಳವಾಗಿ ಹೂಳಬೇಕು ಅಥವಾ ಸುಡಬೇಕು, ನಾಯಿಗೆ ಕಾಲಕಾಲಕ್ಕೆ ಜಂತುಹುಳುವಿನ ಮಾತ್ರೆ ಹಾಕಬೇಕು, ಕೈ ತೊಳೆಯಬೇಕು. ಇದನ್ನು ಹೇಳಿದರೆ ದೊಡ್ಡವರು ತಲೆಯಾಡಿಸಿ ಸುಮ್ಮನಾಗುತ್ತಾರೆ, ಮಕ್ಕಳು ಮನೆಗೆ ಹೋಗಿ ಹಟ ಹಿಡಿಯುತ್ತಾರೆ. ಕುರಿ ಕಾಯುವವರೂ ನಾಯಿಯ ಜೊತೆ ದಿನ ಕಳೆಯುವವರೂ ಅವರೇ ಅಲ್ಲವೇ? ಹಾಗಾಗಿ ಮಿಷನ್ನಿನ ಮಕ್ಕಳ ಕ್ಲಬ್ಬುಗಳು, ಶಾಲೆ, ರೇಡಿಯೊ ಇವೆಲ್ಲ ಶಸ್ತ್ರಚಿಕಿತ್ಸಾ ಕೊಠಡಿಯಷ್ಟೇ ಮುಖ್ಯ ಎಂದು ನಾನು ತಿಳಿಯುತ್ತೇನೆ. ಬೈಬಲ್ ಕಥೆಯ ಪಕ್ಕದಲ್ಲಿ ನಾಯಿ ಮತ್ತು ಕುರಿಯ ಈ ಕಥೆಗೂ ಅಲ್ಲಿ ಜಾಗವಿರಬೇಕು.

ಮಕ್ಕಳ ನಡುವಿನ ಕ್ರೈಸ್ತ ಸೇವೆಗೆ ಆಂಡೀಸ್‌ನಲ್ಲಿ ಹಳೆಯ ಇತಿಹಾಸವಿದೆ, ಅದೆಲ್ಲವೂ ಬೆಳಕಿನದಲ್ಲ. ಬೆಟ್ಟದ ಬಡ ಕುಟುಂಬಗಳು ಹೆಣ್ಣುಮಕ್ಕಳನ್ನು ಕುಸ್ಕೊದಂಥ ಪಟ್ಟಣದ ಮನೆಗಳಿಗೆ ಧರ್ಮಪುತ್ರಿಯ ಹೆಸರಿನಲ್ಲಿ ಒಪ್ಪಿಸಿ ಬರುವ ರೂಢಿ ತಲೆಮಾರುಗಳಿಂದ ನಡೆದುಬಂದಿದೆ. ಓದಿಸುತ್ತೇವೆ, ಉಣ್ಣಲು ಉಡಲು ಕೊಡುತ್ತೇವೆ ಎಂಬ ಮಾತಿನ ಮೇಲೆ ಹೋದ ಹುಡುಗಿ ಎಷ್ಟೋ ಮನೆಗಳಲ್ಲಿ ಸಂಬಳವಿಲ್ಲದ ಕೆಲಸದಾಳಾಗಿ ಉಳಿಯುತ್ತಾಳೆ. ಇಂಥ ಮಕ್ಕಳಿಗಾಗಿ, ಅನಾಥರಿಗಾಗಿ, ಯುದ್ಧದಲ್ಲಿ ತಂದೆತಾಯಿಯನ್ನು ಕಳೆದುಕೊಂಡವರಿಗಾಗಿ ಚರ್ಚುಗಳು ಮನೆಗಳನ್ನು ತೆರೆದವು. ಆ ಮನೆಗಳಿಲ್ಲದಿದ್ದರೆ ಬೀದಿಗೆ ಬೀಳುತ್ತಿದ್ದ ಮಕ್ಕಳ ನೆನಪಾದಾಗ ತೆರೆದವರಿಗೆ ಕೈಮುಗಿಯಬೇಕು. ಹಾಗೆಂದ ಮಾತ್ರಕ್ಕೆ ಬಡತನದ ಕಾರಣಕ್ಕೇ ಮಗುವನ್ನು ತಾಯಿಯಿಂದ ಬಿಡಿಸಿ ಬೆಳೆಸುವುದನ್ನು ಸೇವೆಯೆಂದು ಒಪ್ಪಲು ನನ್ನಿಂದಾಗದು. ಕೆಚುವಾ ತಾಯಿ ಕೂಸನ್ನು ಬಣ್ಣದ ನೇಯ್ಗೆಯ ಲ್ಯಿಕ್ಲ್ಯಾ ಎಂಬ ವಸ್ತ್ರದಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಆಲೂಗಡ್ಡೆ ಕೀಳುತ್ತಾಳೆ, ಸಂತೆಗೆ ಹೋಗುತ್ತಾಳೆ, ಬೆಟ್ಟ ಹತ್ತುತ್ತಾಳೆ. ಅಜ್ಜಿಯ ಮಾತು, ಅಯ್ಯು ಎಂದು ಕರೆಯುವ ಊರ ಬಳಗದ ಆಸರೆ, ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ಋಣ ತೀರಿಸುವ ಐನಿ ಪದ್ಧತಿ, ಇವುಗಳ ನಡುವೆ ಬೆಳೆಯುವ ಮಗುವನ್ನು ಸ್ಪ್ಯಾನಿಷ್ ಮಾತ್ರ ಆಡುವ ವಸತಿಗೃಹಕ್ಕೆ ಒಯ್ದು ಶುಭ್ರವಾಗಿ ಬೆಳೆಸಿದರೂ ಅದು ಕಳೆದುಕೊಂಡದ್ದನ್ನು ಯಾರೂ ತುಂಬಿಕೊಡಲಾರರು.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾಗುವುದು ಉತ್ತರದ ಅಂಕಾಶ್ ಪ್ರಾಂತ್ಯದ ಚಾಕಾಸ್ ಎಂಬ ಊರಿನ ಕಥೆ. ಹಿಮಶಿಖರಗಳ ಆಚೆ ಬದಿಗಿರುವ, ಕೆಚುವಾ ಆಡುವ ಈ ಊರಿಗೆ 1976ರಲ್ಲಿ ಇಟಲಿಯ ಸಲೇಶಿಯನ್ ಪಾದ್ರಿ ಊಗೊ ದೆ ಚೆನ್ಸಿ ಬಂದರು. ಕೆಟ್ಟು ನಿಂತಿದ್ದ ಚರ್ಚಿನ ಮರದ ಕೆತ್ತನೆಗಳನ್ನು ದುರಸ್ತಿ ಮಾಡುವ ಕೆಲಸದ ಸುತ್ತ ಅವರು ಬಡ ಹುಡುಗರಿಗಾಗಿ ಮರಗೆಲಸದ ಶಾಲೆ ತೆರೆದರು. ಊಟ, ವಸತಿ, ಓದು ಎಲ್ಲವೂ ಉಚಿತ. ಹುಡುಗರು ವರ್ಷಗಟ್ಟಲೆ ಉಳಿ ಹಿಡಿದು ಕಲಿತು ಮುಂದೆ ಅಲ್ಲೇ ಕುಶಲಕರ್ಮಿಗಳ ಸಂಘ ಸೇರಿ, ಹೊರದೇಶಗಳಿಗೂ ಹೋಗುವ ಪೀಠೋಪಕರಣ ಮತ್ತು ಶಿಲ್ಪಗಳನ್ನು ಮಾಡತೊಡಗಿದರು. ಲಿಮಾದ ಕೊಳೆಗೇರಿಗೆ ವಲಸೆ ಹೋಗದೆ ಊರಿನಲ್ಲೇ ಬಾಳುವ ದಾರಿ ತೋರಿಸಬೇಕೆಂಬುದು ಅವರ ಹಟ. ಇಟಲಿಯಿಂದ ಬಂದ ಯುವಜನರು ಸಂಬಳವಿಲ್ಲದೆ ದುಡಿದು ಕಟ್ಟಿದ ಆಸ್ಪತ್ರೆಯೂ ಅಲ್ಲಿದೆ. ಊರಿನವರು ಮಾತೆ ಮರಿಯಳನ್ನು ಭಕ್ತಿಯಿಂದ ಕರೆಯುವ ಹೆಸರನ್ನೇ ಇಟ್ಟು ಅದನ್ನು ಮಾಮಾ ಆಶು ಆಸ್ಪತ್ರೆ ಎಂದರು. ಈ ಕೆಲಸ ರಕ್ತವನ್ನೂ ಕೇಳಿತು. ಇಟಲಿಯಿಂದ ಬಂದ ಆ ಯುವಜನರ ಗುಂಪಿನ ಜೂಲಿಯೊ ರೊಕ್ಕಾ ಎಂಬ ತರುಣನನ್ನು ಶೈನಿಂಗ್ ಪಾತ್‌ನವರು 1992ರಲ್ಲಿ ಕೊಂದರು. ನೆರೆಯ ಸಾನ್ ಲೂಯಿಸ್ ಊರಿನ ಪಾದ್ರಿ ದಾನಿಯೆಲೆ ಬಾದಿಯಾಲಿ 1997ರಲ್ಲಿ ಅಪಹರಣಕಾರರ ಕೈಯಲ್ಲಿ ಹತರಾದರು. ದೆ ಚೆನ್ಸಿ ಮಾತ್ರ ಊರು ಬಿಡಲಿಲ್ಲ. 2018ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಮತಪ್ರಚಾರದ ಪ್ರಶ್ನೆ. ಅದನ್ನು ಬದಿಗಿಟ್ಟು ಈ ವಿಷಯ ಬರೆಯುವುದು ಪ್ರಾಮಾಣಿಕವಾಗದು. ಕುರಾವಾಸಿಯಲ್ಲಿ ಬೆಳಗ್ಗೆ ತಪಾಸಣೆ ಶುರುವಾಗುವ ಮುನ್ನ ಆಸ್ಪತ್ರೆಯ ಪ್ರಾರ್ಥನಾ ಮಂದಿರದಲ್ಲಿ ಆರಾಧನೆ ನಡೆಯುತ್ತದೆ, ಕಾಯುತ್ತಿರುವ ರೋಗಿಗಳು ಅದರಲ್ಲಿ ಕೂರುತ್ತಾರೆ. ತಾವು ಯಾವ ನಂಬಿಕೆಯಿಂದ ಈ ಕೆಲಸ ಮಾಡುತ್ತೇವೆ ಎಂಬುದನ್ನು ಅಲ್ಲಿನವರು ಮುಚ್ಚಿಡುವುದಿಲ್ಲ. ಮುಚ್ಚಿಡದಿರುವುದು ನನಗೆ ಸರಿಯೆನಿಸುತ್ತದೆ. ರಾತ್ರಿಪಾಳಿಯಲ್ಲಿ ಮಗುವಿನ ಹಾಸಿಗೆಯ ಪಕ್ಕ ಕುಳಿತು ನಾನೂ ಪ್ರಾರ್ಥಿಸಿದ್ದೇನೆ. ಹಾಗೆ ಪ್ರಾರ್ಥಿಸಿದ್ದರಿಂದ ನನ್ನ ಕೈ ಹೆಚ್ಚು ಮೆತ್ತಗಾಯಿತೇ ಹೊರತು ಮಗುವಿನ ಮೇಲೆ ನನಗೆ ಹಕ್ಕು ಬಂತೆಂದು ಎಂದೂ ಅನ್ನಿಸಲಿಲ್ಲ. ಆದರೆ ನೋವಿನಲ್ಲಿರುವ ಮನುಷ್ಯ ಸ್ವತಂತ್ರನಲ್ಲ ಎಂಬುದನ್ನು ಸೇವೆ ಮಾಡುವವರು ಒಂದು ಗಳಿಗೆಯೂ ಮರೆಯಬಾರದು. ಪ್ರಾರ್ಥನೆಯ ನಡುವೆ ಎದ್ದುಹೋದವನ ಟೋಕನ್ ಹಿಂದಕ್ಕೆ ಸರಿಯಬಾರದು, ಕೊರಳಲ್ಲಿ ತಾಯಿತ ಕಟ್ಟಿಕೊಂಡು ಬಂದ ಮಗುವಿನ ತಾಯಿಯನ್ನು ಯಾರೂ ಕಣ್ಣಿನಲ್ಲಿಯೂ ಗದರಬಾರದು, ಭೂಮಿತಾಯಿ ಪಾಚಾಮಾಮಾಳಿಗೆ ನಮಸ್ಕರಿಸಿ ಬಂದವಳಿಗೂ ಅದೇ ಮಂಚ, ಅದೇ ಮದ್ದು ಸಿಗಬೇಕು. ಈ ಗೆರೆ ದಾಟಿದರೆ ಎಂಥ ಒಳ್ಳೆಯ ಶಸ್ತ್ರಚಿಕಿತ್ಸೆಯೂ ಸಾಲ ಕೊಟ್ಟಂತಾಗುತ್ತದೆ.

ಪ್ರೊಟೆಸ್ಟಂಟ್ ಮಿಷನ್ನುಗಳು ಬೆಟ್ಟದ ಊರುಗಳಿಗೆ ಬಂದಾಗ ಜಗಳಗಳೂ ಆದವು. ಟಿಟಿಕಾಕಾ ಸರೋವರದ ದಂಡೆಯ ಪ್ಲಾತೆರಿಯಾದಲ್ಲಿ, ಆಂಡೀಸ್‌ನ ಇನ್ನೊಂದು ಮೂಲನಿವಾಸಿ ಸಮುದಾಯವಾದ ಐಮಾರಾ ಜನರ ನಡುವೆ, ದಾದಿಯ ತರಬೇತಿ ಪಡೆದಿದ್ದ ಅಡ್ವೆಂಟಿಸ್ಟ್ ದಂಪತಿ ಫರ್ನಾಂಡೊ ಸ್ಟಾಲ್ ಮತ್ತು ಆನಾ ಸ್ಟಾಲ್ 1911ರಿಂದ ಔಷಧಿ ಕೊಡುತ್ತಾ ಶಾಲೆ ನಡೆಸುತ್ತಿದ್ದರು. ಅವರಿಗೂ ಮೊದಲೇ ಅಲ್ಲಿ ತನ್ನವರಿಗಾಗಿ ಶಾಲೆ ತೆರೆದು ಜಮೀನ್ದಾರರ ಕೋಪಕ್ಕೆ ಗುರಿಯಾಗಿದ್ದವನು ಮಾನುವೆಲ್ ಕಮಾಚೊ ಎಂಬ ಐಮಾರಾ ಮುಖಂಡ. 1913ರಲ್ಲಿ ಪುನೊದ ಕ್ಯಾಥೊಲಿಕ್ ಬಿಷಪ್ಪರ ಮುಂದಾಳತ್ವದಲ್ಲೇ ಒಂದು ಗುಂಪು ಪ್ಲಾತೆರಿಯಾಕ್ಕೆ ನುಗ್ಗಿ ಕಮಾಚೊ ಮೊದಲಾದವರನ್ನು ಕಟ್ಟಿ ಸೆರೆಮನೆಗೆ ಎಳೆದೊಯ್ದಿತು. ಅದು ದೇಶದಾದ್ಯಂತ ಸುದ್ದಿಯಾಗಿ, 1915ರಲ್ಲಿ ಪೆರುವಿನ ಸಂವಿಧಾನವೇ ತಿದ್ದುಪಡಿಯಾಗಿ ಬೇರೆ ಮತಗಳ ಸಾರ್ವಜನಿಕ ಆರಾಧನೆಗೆ ಅವಕಾಶವಾಯಿತು. ಅಕ್ಷರ ಕಲಿತ ಆಳು ನಾಳೆ ಲೆಕ್ಕ ಕೇಳುತ್ತಾನೆ ಎಂಬುದು ಜಮೀನ್ದಾರರಿಗೆ ಚೆನ್ನಾಗಿಯೇ ಗೊತ್ತಿತ್ತು. ಈಕ್ವೆಡಾರಿನ ಚಿಂಬೊರಾಸೊದಲ್ಲಿ ಆರು ದಶಕಗಳಿಂದೀಚೆಗೆ ದೊಡ್ಡ ಸಂಖ್ಯೆಯ ಕೆಚುವಾ ಕುಟುಂಬಗಳು ಇವಾಂಜೆಲಿಕಲ್ ಆದವು. ಹಬ್ಬಗಳ ಸಾಲ ಮತ್ತು ಹೆಂಡದ ಹಾವಳಿಯಿಂದ ಮನೆಗಳು ಪಾರಾದವು ಎಂಬುದು ಒಂದು ಬದಿ. ಊರಹಬ್ಬಕ್ಕೆ ಸೇರದವರು, ಸೇರುವವರು ಎಂದು ಅಯ್ಯು ಎರಡಾದದ್ದು ಇನ್ನೊಂದು ಬದಿ. ಅದೇ ಪ್ರಾಂತ್ಯದಲ್ಲಿ ರಿಯೊಬಾಂಬಾದ ಕ್ಯಾಥೊಲಿಕ್ ಬಿಷಪ್ ಲಿಯೊನಿದಾಸ್ ಪ್ರೊವಾನ್ಯೊ ಚರ್ಚಿನ ಜಮೀನುಗಳನ್ನು ರೈತರಿಗೆ ಬಿಟ್ಟುಕೊಟ್ಟು, ರೇಡಿಯೊ ಮೂಲಕ ಅಕ್ಷರ ಕಲಿಸಿ ಮೂಲನಿವಾಸಿಗಳ ಬಿಷಪ್ ಎಂದೇ ಹೆಸರಾದರು. ಯಾವ ಪಂಗಡದವರು ಎಂಬುದಕ್ಕಿಂತ, ತಮ್ಮ ಕೈಯಲ್ಲಿದ್ದದ್ದನ್ನು ಎಷ್ಟರಮಟ್ಟಿಗೆ ಬಿಟ್ಟುಕೊಟ್ಟರು ಎಂಬುದನ್ನು ನೋಡಿ ನಾನು ಇವರನ್ನು ತೂಗುತ್ತೇನೆ.

ಹೊರಗಿನವರ ಹೆಸರುಗಳನ್ನೇ ಬರೆಯುತ್ತಾ ಹೋದರೆ ಕೆಚುವಾ ಜನ ಬರೀ ಮಂಚದ ಮೇಲೆ ಮಲಗಿದವರಂತೆ ಕಾಣುತ್ತಾರೆ. ಅದು ಅನ್ಯಾಯ. ಅಯಾಕುಚೊದ ಕೆಚುವಾ ಬೈಬಲ್ 1987ರಲ್ಲಿ ಹೊರಬರಲು ದುಡಿದವರಲ್ಲಿ ರೊಮುಲೊ ಸೌನ್ಯೆ ಎಂಬ ಕೆಚುವಾ ಪಾದ್ರಿ ಮುಖ್ಯರು. ಯುದ್ಧ ನಡೆಯುತ್ತಿದ್ದ ಆ ದಿನಗಳಲ್ಲೇ ಅವರು ನಿರಾಶ್ರಿತರ ನಡುವೆ ಕೆಲಸ ಮಾಡಿದರು. 1992ರಲ್ಲಿ, ಬಂಡುಕೋರರ ಕೈಯಲ್ಲೇ ಹತರಾಗಿದ್ದ ತಮ್ಮ ಅಜ್ಜನ ಸಮಾಧಿಯನ್ನು ನೋಡಿ ಮರಳುವಾಗ ದಾರಿಯಲ್ಲಿ ಅವರನ್ನೂ ಕೊಂದರು. ಇಂದು ಕುರಾವಾಸಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಪೆರುವಿನವರೇ. ರೋಗಿ ಹೇಳಿದ ಕೆಚುವಾ ಮಾತನ್ನು ಜರ್ಮನ್ ವೈದ್ಯರಿಗೆ ಸ್ಪ್ಯಾನಿಷ್‌ನಲ್ಲಿ ತಿಳಿಸುವ ಸ್ಥಳೀಯ ದಾದಿ ನಡುವೆ ನಿಲ್ಲದಿದ್ದರೆ ಸಿ.ಟಿ. ಸ್ಕ್ಯಾನಿಗೂ ಕುರುಡು. ಮಗು ಎಲ್ಲಿ ನೋವು ಎನ್ನುತ್ತದೆ, ಎಂದಿನಿಂದ ಎನ್ನುತ್ತದೆ, ಯಾವುದಕ್ಕೆ ಹೆದರಿದೆ ಎಂಬುದನ್ನು ಆ ದಾದಿಗೇ ಮೊದಲು ಹೇಳುವುದು. ವಾರ್ಡಿನಲ್ಲಿ ದುಡಿದವರಿಗೆ ಅವಳ ಬೆಲೆ ಗೊತ್ತು.

ಆಸ್ಪತ್ರೆ ಕಟ್ಟಿದ ದಂಪತಿಗೆ ಈಗ ಅರವತ್ತು ದಾಟಿದೆ. ಜರ್ಮನಿಯಲ್ಲಿ ಅವರ ಮಾತು ಕೇಳಿ ಹಣ ಕಳಿಸಿದ ತಲೆಮಾರಿಗೂ ವಯಸ್ಸಾಗುತ್ತಿದೆ. ದೇಣಿಗೆ ಕಡಿಮೆಯಾದರೆ, ಬರುವ ವೈದ್ಯರು ನಿಂತರೆ ಏನು ಎಂಬ ಪ್ರಶ್ನೆ ಎಲ್ಲ ಮಿಷನ್ ಆಸ್ಪತ್ರೆಗಳಿಗೂ ಒಂದು ದಿನ ಎದುರಾಗುತ್ತದೆ. ಅದಕ್ಕೆ ಹಣ ಕೂಡಿಡುವುದೊಂದೇ ಉತ್ತರವೆಂದು ನಾನು ಒಪ್ಪುವುದಿಲ್ಲ. 2014ರಲ್ಲಿ ತೆರೆದ ಶಾಲೆಯಲ್ಲಿ ಮೊದಲ ತರಗತಿಗೆ ಸೇರಿದ ಮಕ್ಕಳು ಈಗ ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನವರು. ಅವರಲ್ಲಿ ಕೆಲವರಾದರೂ ವೈದ್ಯರೋ ದಾದಿಯರೋ ಆಗಿ, ಲಿಮಾದಲ್ಲಿ ನಿಲ್ಲದೆ ಕಮರಿ ದಾಟಿ ಮೇಲೇರಿ ಬಂದು, ತಮ್ಮ ಅಜ್ಜಿಯಂದಿರೊಡನೆ ಆಡಿದ ನುಡಿಯಲ್ಲೇ ರೋಗಿಯನ್ನು ಏನಾಗಿದೆ ಎಂದು ಕೇಳುವಂತಾಗಬೇಕು. ಅದಕ್ಕಾಗಿ ಶಾಲೆಯಲ್ಲಿ ಕೆಚುವಾಕ್ಕೆ ಎಷ್ಟು ಗಂಟೆ ಕೊಡುತ್ತಾರೆ, ಬಡ ಮಗುವಿನ ಮುಂದಿನ ಓದಿಗೆ ಯಾರು ಹೊಣೆ ನಿಲ್ಲುತ್ತಾರೆ, ಆಡಳಿತ ಮಂಡಳಿಯ ಕುರ್ಚಿಗಳಲ್ಲಿ ಎಷ್ಟು ಕೆಚುವಾ ಜನ ಕೂರುತ್ತಾರೆ ಎಂಬುದನ್ನು ದೇಣಿಗೆ ಕೊಡುವವರು ಈಗಿನಿಂದಲೇ ಕೇಳತೊಡಗಬೇಕು.